ವಿಂಡೋಸ್ 10 ನಿಂತ ಮೇಲೆ ಮನೆ ಕಂಪ್ಯೂಟರ್‌ಗೆ ಏನು ಹಾಕಬೇಕು? ಮಾವನವರ ನುಡಿ ಫೈಲ್‌ಗಳು ಉಳಿಯಬೇಕು

ಸಿರ್ಸಿಸೊಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಲ್ಲಿ 2017ರಲ್ಲಿ ತೆಗೆದುಕೊಂಡ ಡೆಸ್ಕ್‌ಟಾಪ್ ಇದೆ. ಐ3-7100 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಸ್ವಿಚ್ ಹಾಕಿ ಚಹಾ ಕುಡಿದು ಬಂದರೂ ಇನ್ನೂ ಗಿರಿಗಿರಿ ಸುತ್ತುತ್ತಿರುತ್ತದೆ. 2025ರ ಅಕ್ಟೋಬರ್ 14ರಿಂದ ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿದೆ ಎಂದು ಪರದೆ ಮೇಲೆ ಎಚ್ಚರಿಕೆ ಬರುತ್ತಲೇ ಇದೆ. ಮೈಕ್ರೋಸಾಫ್ಟಿನ ಹೆಲ್ತ್ ಚೆಕ್ ಎಂಬ ಪ್ರೋಗ್ರಾಂ ಹಾಕಿ ನೋಡಿದೆ, ಈ ಕಂಪ್ಯೂಟರ್ ವಿಂಡೋಸ್ 11ಕ್ಕೆ ಆಗುವುದಿಲ್ಲ ಎಂದಿತು. ಪೇಟೆಯ ಅಂಗಡಿಯಲ್ಲಿ ಕೇಳಿದರೆ ಮುಚ್ಚಳ ಕೂಡ ತೆಗೆಯದೆ "ಇದನ್ನು ಎಸೆದು ಹೊಸತು ತಗೊಳ್ಳಿ, 45 ಸಾವಿರ ಆಗುತ್ತೆ" ಎಂದರು. ಈ ವರ್ಷ ಅಷ್ಟು ದುಡ್ಡು ಹಾಕುವ ಹಾಗಿಲ್ಲ.

ನನ್ನ ನಿಜವಾದ ಚಿಂತೆ ಬೇರೆ. ಮಾವನವರಿಗೆ 74 ವರ್ಷ. ತಾಳಮದ್ದಲೆಯಲ್ಲಿ (ವೇಷವಿಲ್ಲದೆ ಕೂತು ಮಾಡುವ ಯಕ್ಷಗಾನ) ಅರ್ಥ, ಅಂದರೆ ಪಾತ್ರದ ಮಾತು ಹೇಳುತ್ತಾರೆ. ಒಂದೊಂದು ಪ್ರಸಂಗಕ್ಕೂ ತಮ್ಮ ಪಾತ್ರದ ಅರ್ಥವನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದಾರೆ. 300ಕ್ಕೂ ಜಾಸ್ತಿ ಫೈಲ್‌ಗಳಿವೆ. ಪದ್ಯ ಒಂದು ಫಾಂಟಿನಲ್ಲಿ, ಅರ್ಥ ಇನ್ನೊಂದರಲ್ಲಿ, ಅಂಚಿನಲ್ಲಿ ಯಾವ ವರ್ಷ ಯಾವ ಊರಿನಲ್ಲಿ ಎದುರಾಳಿ ಏನು ಪ್ರಶ್ನೆ ಹಾಕಿದರು ಎಂಬ ಟಿಪ್ಪಣಿ. ಅದರ ಕಾಪಿ ಬೇರೆಲ್ಲೂ ಇಲ್ಲ. ಅದೇ ಕಂಪ್ಯೂಟರಿನಲ್ಲಿ ನನ್ನ ಅಡಿಕೆ ಲೆಕ್ಕದ ಎಕ್ಸೆಲ್ ಶೀಟೂ ಇದೆ, ಆದರೆ ಅದು ಹೋದರೆ ಮತ್ತೆ ಬರೆದುಕೊಳ್ಳಬಹುದು.

ಹೊಸ ಓಎಸ್ (ವಿಂಡೋಸ್‌ನಂಥ ಮೂಲ ತಂತ್ರಾಂಶ) ಹಾಕಿದರೆ ಈ ಫೈಲ್‌ಗಳು ತೆರೆಯುತ್ತವಾ? ಅವರು ಈಗ ಟೈಪ್ ಮಾಡುವ ಹಾಗೇ ಮಾಡಲು ಆಗುತ್ತದಾ? ಈ ವಯಸ್ಸಿನಲ್ಲಿ ಹೊಸ ಕೀಬೋರ್ಡ್ ಕಲಿಯಿರಿ ಎಂದು ಹೇಳಲು ನನಗೆ ಮನಸ್ಸಿಲ್ಲ.

ಬಯಲುಸೀಮೆ:

ಸುಮ್ನೆ ಗಾಬರಿ ಆಗಬೇಡಿ ಮೇಡಂ. ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್, ಅಂದರೆ ಬಯಾಸ್‌ಗೆ ಹೋಗಿ, ಅಲ್ಲಿ ಪಿಟಿಟಿ ಅಂತ ಒಂದು ಆಯ್ಕೆ ಇರುತ್ತೆ, ಅದನ್ನು ಆನ್ ಮಾಡಿ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಸಿಕ್ಕಿಬಿಡುತ್ತೆ. ನನ್ನ ತಮ್ಮನ ಕಂಪ್ಯೂಟರಿನಲ್ಲಿ ಅಷ್ಟೇ ಮಾಡಿದ್ದು, ವಿಂಡೋಸ್ 11 ತಾನಾಗೇ ಬಂತು.

ಸ್ಕ್ರೂಡ್ರೈವರ್:

ನಿಮ್ಮ ತಮ್ಮನದು ಇಂಟೆಲ್‌ನ ಎಂಟನೇ ಜನರೇಶನ್ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದಿರಬೇಕು, ಅದಕ್ಕೇ ಆಯಿತು. ಇವರದ್ದು ಐ3-7100, ಏಳನೆಯದು. ಟಿಪಿಎಂ ಆನ್ ಮಾಡಿದರೂ ಪ್ರೊಸೆಸರೇ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಪ್ರೊಸೆಸರ್ ಮಾತ್ರ ಬದಲಾಯಿಸೋಣ ಅಂದರೆ ಆ ಕಾಲದ ಬೋರ್ಡ್‌ಗಳಿಗೆ ಎಂಟನೇ ಜನರೇಶನ್ ಹಾಕಿದರೂ ಓಡುವುದಿಲ್ಲ. ಸಾಕೆಟ್ ನೋಡಲು ಒಂದೇ ಥರ ಇದೆ, ಅದನ್ನು ನೋಡಿ ಮೋಸ ಹೋಗಬೇಡಿ.

ಸಿರ್ಸಿಯ ಅಕ್ಕ, ನಾನು ಹದಿನೈದು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಯಾವ ಓಎಸ್ ಎಂಬ ಪ್ರಶ್ನೆ ಆಮೇಲೆ. ಇವತ್ತು, ಇದನ್ನು ಓದಿದ ಕೂಡಲೇ, ಮಾವನವರ ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಇನ್ನೊಂದು ಕಾಪಿ ಮನೆಯಿಂದ ಹೊರಗೆ ಎಲ್ಲಾದರೂ ಇರಲಿ, ನೆಂಟರ ಮನೆಯ ಲ್ಯಾಪ್‌ಟಾಪ್ ಆದರೂ ಆದೀತು, ಗೂಗಲ್ ಡ್ರೈವ್ ಆದರೂ ಆದೀತು. ಬರೀ ಬರಹದ ಫೈಲ್‌ಗಳು, 300 ಇದ್ದರೂ ಜಾಗ ಏನೂ ಹಿಡಿಯುವುದಿಲ್ಲ. ಎಂಟು ವರ್ಷ ಓಡಿದ ಹಾರ್ಡ್ ಡಿಸ್ಕ್ ಅದು, ಒಳಗೆ ತಟ್ಟೆ ತಿರುಗುತ್ತಿರುತ್ತದೆ. ಅಪ್‌ಗ್ರೇಡ್ ಮಾಡುವಾಗ ಇಡೀ ಡಿಸ್ಕ್ ಮೇಲೆ ಓದು-ಬರಹ ಜೋರಾಗಿ ನಡೆಯುತ್ತದೆ, ಹಳೇ ಡಿಸ್ಕ್ ಕೈಕೊಡುವುದು ಹೆಚ್ಚಾಗಿ ಆಗಲೇ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ಪ್ರೋಗ್ರಾಂ ಇದೆ, ಹಾಕಿ ನೋಡಿ. ನೀಲಿ ಬಣ್ಣದಲ್ಲಿ ಗುಡ್ ಅಂತ ಬಂದರೆ ಸರಿ. ಹಳದಿ ಬಂದರೆ ಆ ಡಿಸ್ಕ್ ಮೇಲೆ ಹೊಸದೇನನ್ನೂ ಹಾಕಬೇಡಿ.

ಎರಡನೇ ಮಾತು, ಚಹಾ ಕುಡಿದು ಬಂದರೂ ಸುತ್ತುತ್ತಿರುವುದಕ್ಕೆ ಆ ಡಿಸ್ಕೇ ಕಾರಣ, ಪ್ರೊಸೆಸರ್ ಅಲ್ಲ. ಐ3-7100 ಮನೆ ಕೆಲಸಕ್ಕೆ ಇವತ್ತಿಗೂ ಧಾರಾಳ ಸಾಕು. ತಟ್ಟೆ ತಿರುಗದ ಹೊಸ ಬಗೆಯ ಡಿಸ್ಕ್, ಅಂದರೆ ಒಂದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿ 8 ಮಾಡಿ. ರ‍್ಯಾಮ್ ಕೊಳ್ಳುವ ಮೊದಲು ಒಳಗಿರುವ ಕಡ್ಡಿಯ ಮೇಲಿನ ಚೀಟಿ ಓದಿ. ಆ ಕಾಲದ ಹೆಚ್ಚಿನ ಬೋರ್ಡ್‌ಗಳಲ್ಲಿ ಡಿಡಿಆರ್4 ಎಂಬ ಬಗೆ ಇದೆ, ಕೆಲವದರಲ್ಲಿ ಡಿಡಿಆರ್3 ಬಂದದ್ದೂ ಉಂಟು. ಎರಡೂ ಸೇರಿ ಹೊಸ ಕಂಪ್ಯೂಟರಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಮೂರನೆಯದು, ಇದನ್ನು ಖಂಡಿತ ಪಾಲಿಸಿ. ಹೊಸ ಓಎಸ್ ಯಾವುದೇ ಇರಲಿ, ಅದು ಹೊಸ ಎಸ್‌ಎಸ್‌ಡಿ ಮೇಲೆ ಹೋಗಲಿ. ಹಳೇ ಡಿಸ್ಕನ್ನು ಬಿಚ್ಚಿ, ಇದ್ದದ್ದು ಇದ್ದ ಹಾಗೆ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡಿ. ಆರು ತಿಂಗಳು ಅದನ್ನು ಫಾರ್ಮ್ಯಾಟ್ ಮಾಡಬೇಡಿ, ಯಾರಿಗೂ ಕೊಡಬೇಡಿ. ಬ್ಯಾಕಪ್‌ನಲ್ಲಿ ಏನು ಬಿಟ್ಟುಹೋಗಿದೆ ಅಂತ ಗೊತ್ತಾಗುವುದು ಬೇಕು ಎಂದಾಗಲೇ.

ಹುಬ್ಬಳ್ಳಿ ಡಿಟಿಪಿ:

ಅಕ್ಕಾರೆ, ಇಪ್ಪತ್ತು ವರ್ಷದಿಂದ ನುಡಿಯಲ್ಲೇ ಅನ್ನ ತಿನ್ನುತ್ತಿದ್ದೇನೆ, ಮದುವೆ ಕಾರ್ಡು, ಶ್ರದ್ಧಾಂಜಲಿ, ಗ್ರಾಮ ಪಂಚಾಯತಿ ನೋಟಿಸು ಎಲ್ಲಾ. ಅದಕ್ಕೆ ಈ ಒಂದು ವಿಷಯ ನಾನು ಹೇಳಲೇಬೇಕು.

ಫೈಲ್ ಕಾಪಿ ಮಾಡಿದರೆ ಸಾಲದು ನೋಡ್ರಿ, ಫಾಂಟೂ ಕಾಪಿ ಮಾಡಬೇಕು. ಹಳೇ ನುಡಿಯಲ್ಲಿ ಬರೆದದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಅದಕ್ಕೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಆ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುವುದು ಫಾಂಟು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ "ಕನ್ನಡ" ಅಂತ ಬರೆದ ಫೈಲ್ ತೆರೆದರೆ ಮೊದಲು ಒಂದು ದೊಡ್ಡ ಪಿ, ತಲೆ ಮೇಲೆ ಗೀಟು ಹಾಕಿದ ಎ, ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಕೊನೆಗೆ ಒಂದು ಕ್ಯೂ, ಹೀಗೆ ಕಾಣುತ್ತದೆ. ಜನ ಇದನ್ನು ನೋಡಿ ಫೈಲ್ ಹಾಳಾಯಿತು ಅಂತ ಅಳಿಸಿಬಿಡುತ್ತಾರೆ. ಹಾಳಾಗಿರುವುದಿಲ್ಲ. ಫಾಂಟ್ ಹಾಕಿದ ಕೂಡಲೇ ಸರಿಯಾಗುತ್ತದೆ. ದಯವಿಟ್ಟು ಯಾರೂ ಅಳಿಸಬೇಡಿ.

ಸಿ ಡ್ರೈವ್, ವಿಂಡೋಸ್, ಫಾಂಟ್ಸ್ ಫೋಲ್ಡರಿಗೆ ಹೋಗಿ ನುಡಿ ಎಂದು ಶುರುವಾಗುವ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಎಳೆದುಕೊಳ್ಳಿ. ತುಂಗಾ ಫಾಂಟ್ ಬಳಸಿದ್ದರೆ ಅದಕ್ಕೂ ಒಂದು ಮಾತು. ಮೊದಲೆಲ್ಲ ಅದು ವಿಂಡೋಸ್ ಜೊತೆಗೇ ಬರುತ್ತಿತ್ತು. ವಿಂಡೋಸ್ 10ರಿಂದ ಹಾಗಿಲ್ಲ, ಹೊಸದಾಗಿ ಹಾಕಿದಾಗ ನಿರ್ಮಲಾ ಮಾತ್ರ ಇರುತ್ತದೆ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಇದೆ, ಅದನ್ನು ಹಾಕಿಕೊಂಡರೆ ತುಂಗಾ ವಾಪಸು ಬರುತ್ತದೆ.

ಎರಡು ಪ್ರಶ್ನೆ. ಮಾವನವರು ಟೈಪ್ ಮಾಡುವಾಗ ಒತ್ತಕ್ಷರಕ್ಕೆ ಎಫ್ ಒತ್ತುತ್ತಾರಾ? ಪ್ರಿಂಟರ್ ಯಾವುದು, ಎಷ್ಟು ಹಳೇದು?

ಸಿರ್ಸಿಸೊಸೆ:

ಇಷ್ಟು ಬೇಗ ಇಷ್ಟೆಲ್ಲ ಬರೆದಿರಿ, ತುಂಬಾ ಉಪಕಾರ. ನಿನ್ನೆ ರಾತ್ರಿಯೇ ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ, ಒಂದನ್ನು ತಂಗಿ ಮನೆಗೆ ಕಳಿಸಿದೆ. 312 ಫೈಲ್‌ಗಳು. ಫಾಂಟ್‌ಗಳನ್ನೂ ಹಾಕಿಕೊಂಡೆ. ಡಿಸ್ಕ್ ನೋಡಿದೆ, ಹಳದಿ ಬಣ್ಣ, ಕಾಶನ್ ಅಂತ ಇದೆ. ಎದೆ ಧಸಕ್ಕೆಂದಿತು.

ಹೌದು, ಎಫ್ ಒತ್ತುತ್ತಾರೆ. ನೋಡುತ್ತಾ ಕೂತಿದ್ದೆ. "ಅಕ್ಕ" ಎಂದು ಬರೆಯುವಾಗ ಕ್ಕ ಬರಲು ಕೆ, ಎಫ್, ಕೆ. ಎರಡೇ ಬೆರಳು, ಆದರೆ ಕೀಲಿ ಕಡೆ ನೋಡುವುದೇ ಇಲ್ಲ. ಪ್ರಿಂಟರ್ ಐದು ವರ್ಷ ಹಳೆಯ ಇಂಕ್ ಟ್ಯಾಂಕ್‌ನದು.

ಬಯಲುಸೀಮೆ:

ಹೌದು, ತಮ್ಮನದು ಹತ್ತನೇ ಜನರೇಶನ್, ನೋಡಿದೆ. ತಪ್ಪು ಹೇಳಿದೆ, ಕ್ಷಮಿಸಿ. ಆದರೆ ರೂಫಸ್ ಅಂತ ಒಂದು ಪ್ರೋಗ್ರಾಂ ಇದೆಯಲ್ಲ, ಅದರಲ್ಲಿ ಪೆನ್‌ಡ್ರೈವ್ ಮಾಡಿದರೆ ಟಿಪಿಎಂ ಪರೀಕ್ಷೆ ತೆಗೆದುಹಾಕಬಹುದು. ಹಾಗೆ ಮಾಡಿ ವಿಂಡೋಸ್ 11 ಹಾಕಬಹುದು ಅಲ್ವಾ?

ಸ್ಕ್ರೂಡ್ರೈವರ್:

ಹಾಕಬಹುದು, ಐ3-7100ರಲ್ಲಿ ಓಡುತ್ತದೆ ಕೂಡ. ನಾನೇ ಹಾಕಿಕೊಟ್ಟಿದ್ದೇನೆ. ಆದರೆ ಪಟ್ಟಿಯಲ್ಲಿ ಇಲ್ಲದ ಕಂಪ್ಯೂಟರಿಗೆ ಅಪ್‌ಡೇಟ್ ಕೊಡುತ್ತೇವೆ ಎಂಬ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟನ್ನು ಮತ್ತೆ ಕೈಯಾರೆ ಪೆನ್‌ಡ್ರೈವ್‌ನಿಂದ ಹಾಕಬೇಕಾಗುತ್ತದೆ. ಪಕ್ಕದಲ್ಲೇ ತಿಳಿದವರಿದ್ದರೆ ಪರವಾಗಿಲ್ಲ. ಸಿರ್ಸಿ ಹತ್ತಿರದ ಹಳ್ಳಿಯಲ್ಲಿ, 74 ವರ್ಷದವರ ಕೈಯಲ್ಲಿರುವ ಕಂಪ್ಯೂಟರಿಗೆ ನಾನು ಹೇಳುವುದಿಲ್ಲ.

ಕರಾವಳಿ ಕಡೆಯವನು:

ವಿಂಡೋಸ್ 11ಕ್ಕೆ ಯಾರೇ ಹೋದರೂ ಒಂದು ವಿಷಯ ಗೊತ್ತಿರಲಿ. ಮೈಕ್ರೋಸಾಫ್ಟ್ ಖಾತೆ ಹಾಕಿ ಹೊಸದಾಗಿ ಶುರು ಮಾಡಿದರೆ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬೀಳುತ್ತದೆ. ನನ್ನ ಅಕ್ಕನ ಲ್ಯಾಪ್‌ಟಾಪ್ ಬೋರ್ಡ್ ಕೆಟ್ಟು ಬದಲಾಯಿಸಿದೆವು. ಆನ್ ಮಾಡಿದರೆ ನೀಲಿ ಪರದೆ, 48 ಅಂಕಿಯ ರಿಕವರಿ ಕೀ ಕೊಡಿ ಅಂತ. ನಾವು ಬರೆದಿಟ್ಟುಕೊಂಡಿರಲಿಲ್ಲ. ಯಾವ ಖಾತೆ ಹಾಕಿದ್ದೆವು ಎಂಬುದೂ ನೆನಪಿರಲಿಲ್ಲ. ನಾಲ್ಕು ದಿನ ಹುಡುಕಿ, ಭಾವನ ಹಳೇ ಮೇಲ್ ವಿಳಾಸ ನೆನಪಾಗಿ, ಆ ಖಾತೆಯೊಳಗೆ ಕೀ ಸಿಕ್ಕಿತು. ಮಗುವಿನ ಮೊದಲ ವರ್ಷದ ಫೋಟೋಗಳೆಲ್ಲ ಅದರಲ್ಲಿದ್ದವು. ಆ ನಾಲ್ಕು ದಿನ ಅಕ್ಕ ಊಟ ಸರಿಯಾಗಿ ಮಾಡಲಿಲ್ಲ. ವಿಂಡೋಸ್ 11 ಹಾಕಿದ ದಿನವೇ ಆ ಕೀಯನ್ನು ಕಾಗದದ ಮೇಲೆ ಬರೆದು ಗ್ಯಾಸ್ ಪುಸ್ತಕದ ಜೊತೆ ಇಟ್ಟುಬಿಡಿ.

ಇನ್ನೊಂದು, ಅರ್ಜೆಂಟ್ ಇಲ್ಲದವರು ಈ ವರ್ಷ ವಿಂಡೋಸ್ 10ರಲ್ಲೇ ಇರಬಹುದು. ಇಎಸ್‌ಯು ಅಂತ ಮೈಕ್ರೋಸಾಫ್ಟಿನ ಹೆಚ್ಚುವರಿ ಅಪ್‌ಡೇಟ್ ಯೋಜನೆ ಇದೆ, 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆಯಲ್ಲಿ ಸೈನ್ ಇನ್ ಆಗಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ, ಇಲ್ಲವಾದರೆ 30 ಡಾಲರ್. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇರುತ್ತದೆ.

ಮೇಷ್ಟ್ರು ಹಾಸನ:

ಮೇಡಂ, ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಮನೆಯಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಪುಕ್ಕಟೆ ಓಎಸ್ ಬಳಸುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಎಫ್ ಕೀಲಿ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ಮಾವನವರ ಬೆರಳಿಗೆ ಕೂತಿರುವುದು ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ. ನುಡಿಯಲ್ಲಿ ಇರುವುದು ಅದೇ. ವಿಂಡೋಸ್ ಜೊತೆಗೇ ಬರುವ ಕನ್ನಡ ಫೊನೆಟಿಕ್ ಕೀಬೋರ್ಡ್ ಬೇರೆ, ಅಲ್ಲಿ ಇಂಗ್ಲಿಷ್ ಕಾಗುಣಿತದಲ್ಲಿ ಬರೆಯಬೇಕು. ಅದನ್ನು ಕೊಟ್ಟರೆ ಅವರಿಗೆ ಕಷ್ಟ ಆಗುತ್ತದೆ. ಮಿಂಟ್‌ನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಮತ್ತು ಐಬಸ್-ಎಂ17ಎನ್ ಎಂಬ ಟೈಪಿಂಗ್ ಪ್ರೋಗ್ರಾಂಗಳನ್ನು ಹಾಕಿಕೊಂಡರೆ ಕನ್ನಡದ ಕೆಳಗೆ ಕೆಜಿಪಿ ಎಂಬ ಆಯ್ಕೆ ಸಿಗುತ್ತದೆ. ಕನ್ನಡ ಗಣಕ ಪರಿಷತ್ತಿನ ಹೆಸರು ಅದು, ನುಡಿ ಮಾಡಿದವರು ಅವರೇ. ಕೆ, ಎಫ್, ಕೆ ಒತ್ತಿದರೆ ಕ್ಕ ಬರುತ್ತದೆ. ನಮ್ಮ ತಂದೆ ಹೀಗೇ ಬರೆಯುತ್ತಿದ್ದಾರೆ.

ಒಂದು ವ್ಯತ್ಯಾಸ ಮಾತ್ರ ಮೊದಲೇ ಹೇಳಿಬಿಡಬೇಕು. ಇಲ್ಲಿ ಬರೆದದ್ದು ಯೂನಿಕೋಡ್ ಆಗುತ್ತದೆ, ಅಂದರೆ ಕಂಪ್ಯೂಟರಿನ ಲೆಕ್ಕದಲ್ಲೂ ನಿಜವಾದ ಕನ್ನಡ. ಹಳೇ ನುಡಿ ಫೈಲ್‌ಗಳನ್ನು ಲಿಬ್ರೆಆಫೀಸಿನಲ್ಲಿ (ವರ್ಡ್, ಎಕ್ಸೆಲ್ ಥರದ ಪುಕ್ಕಟೆ ಪ್ರೋಗ್ರಾಂ) ಆ ಫಾಂಟ್‌ಗಳ ಜೊತೆ ತೆರೆಯಬಹುದು, ಓದಬಹುದು, ಪ್ರಿಂಟ್ ತೆಗೆಯಬಹುದು. ಆದರೆ ಅದರ ನಡುವೆ ಹೊಸ ಸಾಲು ಸೇರಿಸಬೇಕಾದರೆ ಮೊದಲು ಆ ಫೈಲನ್ನು ಯೂನಿಕೋಡ್‌ಗೆ ಬದಲಾಯಿಸಬೇಕು. ಪರಿವರ್ತಕಗಳು ಇವೆ, ಚೆನ್ನಾಗಿವೆ, ಆದರೂ ಕಣ್ಣು ಮುಚ್ಚಿ ನಂಬಬೇಡಿ. ಅರ್ಕಾವೊತ್ತು ಒಂದೊಂದು ಕಡೆ ಜಾಗ ತಪ್ಪುತ್ತದೆ, "ಧರ್ಮ" ಸರಿಯಾಗಿ ಬಂದಿದೆಯಾ ನೋಡಿ, "ಕರ್ಣ" ಬಂದಿದೆಯಾ ನೋಡಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡ ಅಂದುಕೊಂಡು ಏನೇನೋ ಮಾಡಿಹಾಕುತ್ತದೆ. ಹಳೇದನ್ನು ಅಳಿಸದೆ ಪಕ್ಕದಲ್ಲಿ ಹೊಸ ಫೈಲ್ ಮಾಡಿ. ಇಷ್ಟು ಕೆಲಸ ನೀವು ವಿಂಡೋಸ್‌ನಲ್ಲೇ ಉಳಿದರೂ ಒಂದಲ್ಲ ಒಂದು ದಿನ ಮಾಡಲೇಬೇಕು. ಯೂನಿಕೋಡ್ ಆದರೆ ಮಾವನವರ ಅರ್ಥ ಮೊಬೈಲಿನಲ್ಲೂ ತೆರೆಯುತ್ತದೆ, ಹುಡುಕಿದರೆ ಸಿಗುತ್ತದೆ, ಮೊಮ್ಮಕ್ಕಳೂ ಓದಬಹುದು. ನನಗಂತೂ ಅಪ್‌ಗ್ರೇಡ್ ಅಂದರೆ ಇದೇ.

ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. 4 ಜಿಬಿಯಲ್ಲೂ ಓಡುತ್ತದೆ, 8 ಇದ್ದರೆ ಆರಾಮ. ಇಳಿಸಿಕೊಳ್ಳಬೇಕಾದ ಫೈಲ್ ಸುಮಾರು 3 ಜಿಬಿ. ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ನೋಡಬಹುದು, ಡಿಸ್ಕನ್ನು ಮುಟ್ಟುವುದಿಲ್ಲ. ಪ್ರಿಂಟರ್ ಓಡುತ್ತಾ, ಶಬ್ದ ಬರುತ್ತಾ, ವೈಫೈ ಸಿಗುತ್ತಾ ಎಲ್ಲ ಆಗಲೇ ಪರೀಕ್ಷೆ ಮಾಡಿ. ಕೆಲವು ಹಳೇ ಲೇಸರ್ ಪ್ರಿಂಟರ್‌ಗಳಿಗೆ ಲಿನಕ್ಸಿನಲ್ಲಿ ಡ್ರೈವರ್ ಹಾಕುವುದು ತುಂಬಾ ತ್ರಾಸು. ಅಂಥದ್ದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ.

ಹುಬ್ಬಳ್ಳಿ ಡಿಟಿಪಿ:

ಮೇಷ್ಟ್ರ ಮಾತಿಗೆ ನನ್ನದೊಂದು ತಕರಾರು. ಪ್ರೆಸ್ಸಿಗೆ ಕೊಡುವ ಕೆಲಸ ಇದ್ದವರಿಗೆ ಲಿನಕ್ಸ್ ಬೇಡ. ನಮ್ಮ ಕಡೆ ಇನ್ನೂ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ಹಳೇ ಪ್ರೋಗ್ರಾಂನಲ್ಲಿ ನುಡಿ ಫಾಂಟ್ ಹಾಕಿ ಕೊಡಿ ಅನ್ನುವವರಿದ್ದಾರೆ. ನಾನು ಅಂಗಡಿಯಲ್ಲಿ ವಿಂಡೋಸ್ ಬಿಡುವ ಹಾಗಿಲ್ಲ. ಆದರೆ ಮನೆಯಲ್ಲಿ ಬರೆದು ಪ್ರಿಂಟ್ ತೆಗೆದುಕೊಳ್ಳುವವರಿಗೆ ಅವರು ಹೇಳಿದ್ದು ಸರಿ. ಯೂನಿಕೋಡ್ ಮಾಡುವುದಂತೂ ನೂರಕ್ಕೆ ನೂರು ಸರಿ. ಹತ್ತು ವರ್ಷದ ಹಿಂದೆಯೇ ನಾವೆಲ್ಲ ಮಾಡಬೇಕಿತ್ತು.

ಸ್ಕ್ರೂಡ್ರೈವರ್:

ಡಿಸ್ಕ್ ಹಳದಿ ಅಂದಿರಿ. ಇನ್ನು ಆ ಕಂಪ್ಯೂಟರನ್ನು ಜಾಸ್ತಿ ಓಡಿಸಬೇಡಿ, ಎಸ್‌ಎಸ್‌ಡಿ ಬರುವವರೆಗೆ ಆಫ್ ಇರಲಿ. ಹಾಕುವ ದಿನ ಯುಪಿಎಸ್ ಬ್ಯಾಟರಿ ನೋಡಿಕೊಳ್ಳಿ. ನಿಮ್ಮ ಕಡೆ ಕರೆಂಟಿನ ಕಥೆ ನನಗೆ ಗೊತ್ತು.

ಸಿರ್ಸಿಸೊಸೆ:

ಎರಡು ವಾರ ಆಯಿತು. ಏನಾಯಿತು ಎಂದು ಬರೆಯದಿದ್ದರೆ ತಪ್ಪಾಗುತ್ತದೆ.

480 ಜಿಬಿಯ ಎಸ್‌ಎಸ್‌ಡಿ, 4 ಜಿಬಿ ರ‍್ಯಾಮ್ ತರಿಸಿದೆವು. ಒಳಗಿದ್ದದ್ದು ಡಿಡಿಆರ್4, ಚೀಟಿ ಓದಿಯೇ ಕೊಂಡೆ. ತಂಗಿಯ ಗಂಡ ಬಂದು ಡಬ್ಬಿ ಬಿಚ್ಚಿದರು, ನಾನು ಟಾರ್ಚ್ ಹಿಡಿದೆ. ಹಳೇ ಡಿಸ್ಕನ್ನು ಸುತ್ತಿ ಕಪಾಟಿನಲ್ಲಿಟ್ಟೆ. ಮಿಂಟ್ ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ ಮೊದಲು ಪ್ರಿಂಟರ್ ನೋಡಿದೆ. ವೈರ್ ಚುಚ್ಚಿದ ಕೂಡಲೇ ಗುರುತು ಹಿಡಿಯಿತು. ಆಮೇಲೇ ಧೈರ್ಯ ಬಂದು ಹಾಕಿದ್ದು. ಈಗ ಸ್ವಿಚ್ ಹಾಕಿ ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಪರದೆ ತಯಾರಿರುತ್ತದೆ.

ಒಂದು ಕಡೆ ಮಾತ್ರ ಜೀವ ಬಾಯಿಗೆ ಬಂತು. ಫಾಂಟ್‌ಗಳನ್ನೆಲ್ಲ ಹಾಕಿದ ಮೇಲೆ ಬಹಳಷ್ಟು ಫೈಲ್ ಸರಿಯಾಗಿ ತೆರೆದವು. ಆದರೆ ಸುಮಾರು ನಲವತ್ತು ಫೈಲ್‌ಗಳಲ್ಲಿ ಅರ್ಥ ಸರಿ ಇದೆ, ಪದ್ಯ ಮಾತ್ರ ಪಿ, ಕ್ಯೂ, ಪೌಂಡ್ ಗುರುತು. ಹುಬ್ಬಳ್ಳಿಯ ಅಣ್ಣ ಹೇಳಿದ್ದು ನೆನಪಿತ್ತು, ಹಾಗಾಗಿ ಅಳಿಸಲಿಲ್ಲ. ಪದ್ಯಕ್ಕೆ ಬಳಸಿದ ಫಾಂಟನ್ನು ಮಾವನವರು ಆಮೇಲೆ ಯಾವತ್ತೋ ಬೇರೆಯಾಗಿ ಹಾಕಿಕೊಂಡಿದ್ದರಂತೆ. ಅದು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿ ಇರಲೇ ಇಲ್ಲ. ಹಳೇ ಡಿಸ್ಕನ್ನು ಒಂದು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಹುಡುಕಿದೆವು. ಅವರ ಹೆಸರಿನ ಯೂಸರ್ ಫೋಲ್ಡರ್ ಒಳಗೆ, ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಅದರೊಳಗೆ ಇನ್ನೊಂದು ಫಾಂಟ್ಸ್ ಫೋಲ್ಡರ್, ಅಲ್ಲಿ ಕೂತಿತ್ತು. ಒಬ್ಬರಿಗೆ ಮಾತ್ರ ಅಂತ ಹಾಕಿಕೊಂಡ ಫಾಂಟ್‌ಗಳು ಅಲ್ಲಿ ಹೋಗುತ್ತವಂತೆ. ನೀವು ಯಾರಾದರೂ ಬ್ಯಾಕಪ್ ಮಾಡುವುದಿದ್ದರೆ ಈ ಎರಡನೇ ಜಾಗವನ್ನೂ ನೋಡಿ. ಸ್ಕ್ರೂಡ್ರೈವರ್ ಅಣ್ಣ, ಡಿಸ್ಕ್ ಕಪಾಟಿನಲ್ಲಿಡಿ ಎಂದು ನೀವು ಹೇಳದಿದ್ದರೆ ಅದು ಅಷ್ಟರಲ್ಲಿ ಹಳೇ ಸಾಮಾನಿನವನ ಪಾಲಾಗುತ್ತಿತ್ತು.

ಮಾವನವರನ್ನು ಕೂರಿಸಿದಾಗ ನಾನು ಏನೂ ಹೇಳಲಿಲ್ಲ, ಕೆಜಿಪಿ ಹಾಕಿ ಸುಮ್ಮನೆ ಪಕ್ಕದಲ್ಲಿ ನಿಂತೆ. ಕೆ, ಎಫ್, ಕೆ ಒತ್ತಿದರು. ಕ್ಕ ಬಂತು. ಒಂದು ಪ್ಯಾರಾ ಬರೆದರು. "ಅಕ್ಷರ ಸ್ವಲ್ಪ ದುಂಡಗಾಗಿದೆ" ಎಂದರು, ಅಷ್ಟೇ. ನವಿಲು ಎಂಬ ಫಾಂಟ್ ತೋರಿಸಿದೆ, ಅದು ಹಿಡಿಸಿತು.

ಯೂನಿಕೋಡ್ ಮಾಡುವ ಕೆಲಸ ದಿನಾ ರಾತ್ರಿ ಊಟ ಆದ ಮೇಲೆ ನಡೆಯುತ್ತಿದೆ. ನಾನು ಬದಲಾಯಿಸಿ ಕೊಡುತ್ತೇನೆ, ಅವರು ಗಟ್ಟಿಯಾಗಿ ಓದುತ್ತಾರೆ, ಅರ್ಕಾವೊತ್ತು ತಪ್ಪಿದಲ್ಲಿ ನಿಲ್ಲಿಸುತ್ತಾರೆ. ಮಗಳು ಪಕ್ಕದಲ್ಲಿ ಕೂತು ಕೇಳುತ್ತಿರುತ್ತಾಳೆ. ಇವತ್ತಿಗೆ 61 ಆಗಿವೆ.

ಮೇಷ್ಟ್ರೇ, ಒಂದು ಕೇಳುವುದಿದೆ. ಭಾಮಿನಿ ಪದ್ಯಗಳ ಸಾಲು ನುಡಿಯಲ್ಲಿದ್ದ ಹಾಗೆ ಹೊಂದಿ ಬರುತ್ತಿಲ್ಲ, ಮೂರನೇ ಸಾಲು ಮುರಿದು ಕೆಳಗೆ ಹೋಗುತ್ತಿದೆ. ಅಂಚು ಕಮ್ಮಿ ಮಾಡಲೋ, ಅಕ್ಷರ ಸಣ್ಣ ಮಾಡಲೋ? ಬರುವ ಶನಿವಾರ ಪಕ್ಕದೂರಲ್ಲಿ ತಾಳಮದ್ದಲೆ ಇದೆ, ಅಷ್ಟರೊಳಗೆ ಪ್ರಿಂಟ್ ತೆಗೆದುಕೊಡಬೇಕು.

ಮೇಷ್ಟ್ರು ಹಾಸನ:

ಅಕ್ಷರ ಸಣ್ಣ ಮಾಡಬೇಡಿ, ದೀಪದ ಬೆಳಕಿನಲ್ಲಿ ಓದಬೇಕಲ್ಲ. ಫಾರ್ಮ್ಯಾಟ್ ಮೆನುವಿನಲ್ಲಿ ಪೇಜ್ ಸ್ಟೈಲ್ ತೆಗೆದು ಎಡ ಬಲದ ಅಂಚನ್ನು 1.5 ಸೆಂಟಿಮೀಟರ್‌ಗೆ ಇಳಿಸಿ. ಆಗಲೂ ಮುರಿದರೆ ಆ ಪದ್ಯಕ್ಕೆ ಮಾತ್ರ ಪ್ಯಾರಾಗ್ರಾಫ್ ಇಂಡೆಂಟ್ ಸೊನ್ನೆ ಮಾಡಿ.